ಹಂಪಣ್ಣನ ಎಲೆ

ಗದ್ವಾಲದ ಮದುವೆ ಮನೆಯ ಪಡಸಾಲೆಯಲ್ಲಿ ಇಸ್ಪೀಟು ನಡೆದಿತ್ತು. ಯಾರೋ ಮೂರು ಎಲೆ ಎಸೆದು ಕೂಗಿದರು: “ಎರಡು ಎಕ್ಕ, ಒಂದು ಎಂಟು! ಹಂಪಣ್ಣನ ಎಲೆ ಬಂತಲೇ, ಎದ್ದು ಓಡ್ರಿ!”

ನೀರಿನ ತಂಬಿಗೆ ಹಿಡಿದು ಬರುತ್ತಿದ್ದ ವೀರಬಸಮ್ಮ ಅಲ್ಲೇ ನಿಂತಳು. ಹಂಪಣ್ಣ ಅವಳ ಗಂಡ.

“ಯಾರಪ್ಪಾ ಆ ಹಂಪಣ್ಣ?”

“ಯಾರೋ ಮಕ್ತಲದಾಂವಂತ, ಅವ್ವ. ಇಸ್ಪೀಟು ಮುಟ್ಟಂಗಿಲ್ಲ ಅಂತ ಹೆಂಡ್ತಿಗೆ ಆಣಿ ಮಾಡಿದ್ದನಂತ. ತೆಲಂಗಾಣ ರಾಜ್ಯ ಬಂದ ದಿನ ಆಡಾಕ ಕುಂತ, ಈ ಎಲೆ ಹಿಡ್ಕೊಂಡೇ ಸತ್ತ. ಲಿಂಗದ ಆಣಿ ಸುಮ್ನ ಬಿಡ್ತೈತೇನ್ರಿ?” ಪಡ್ಡೆಯೊಬ್ಬ ನಕ್ಕ.

ಆಣೆ ಸುಳ್ಳಲ್ಲ. ಮಗಳು ಹುಟ್ಟಿದ ದಿನ ಇಷ್ಟಲಿಂಗ ಹಿಡಿದು ಮಾತು ಕೊಟ್ಟಿದ್ದ. ತೆಲಂಗಾಣ ಬಂತೆಂದು ಊರೆಲ್ಲ ಗುಲಾಲು ಎರಚಿಕೊಂಡ ಆ ಮಧ್ಯಾಹ್ನ ಅವನ ಹೆಣವನ್ನು ಇಸ್ಪೀಟಿನ ಕಟ್ಟೆಯಿಂದ ಹೊತ್ತು ತಂದರು. ಅಂಗೈಯಲ್ಲಿ ಲಿಂಗ ಇಟ್ಟು ಮಣ್ಣಿಗೆ ಕೂರಿಸಬೇಕೆಂದು ಬಿಗಿದ ಮುಷ್ಟಿ ಬಿಡಿಸಿದರೆ, ಮೂರು ಎಲೆ ಬಿದ್ದವು. ಎಲ್ಲರೂ ಬಿಲ್ವಪತ್ರೆ ಹಾಕಿದರು. ಅವಳು ಹಾಕಲಿಲ್ಲ. “ಮಾತು ಮುರಿದಾಂವಗ ನಾ ಹಾಕಂಗಿಲ್ಲ” ಎಂದು ತವರೂರು ನಾರಾಯಣಪೇಟೆಗೆ ಹೋದವಳು ಐದು ವರ್ಷ ಆ ಕಡೆ ತಿರುಗಿ ನೋಡಲಿಲ್ಲ.

ಅವಳು ತಂಬಿಗೆ ಇಟ್ಟು ಹೊರನಡೆದಳು. ಆಟದವರ ನಡುವಿನಿಂದ ಒಬ್ಬ ಮುದುಕ ಎದ್ದು ಹಿಂದೆಯೇ ಬಂದ. ಗಂಡನ ಗೆಳೆಯ ಭೀಮಣ್ಣ.

“ಅಕ್ಕಾರ, ಆ ಎಲೆ ನನ್ನವು. ನೀರು ಕುಡಿಯಾಕ ಎದ್ದಿದ್ದೆ. ‘ಈಟು ಹಿಡ್ಕೋ’ ಅಂತ, ಆಡದ ಸುಮ್ನ ಕುಂತಿದ್ದ ಅವನ ಕೈಯಾಗ ಕೊಟ್ಟೆ. ತಿರುಗಿ ಬರೂದ್ರಾಗ ಗ್ವಾಡಿಗೆ ಒರಗಿ ಜೀವ ಬಿಟ್ಟಿದ್ದ.”

“ಆವತ್ತ ಯಾಕ ಬಾಯಿ ಬಿಡ್ಲಿಲ್ಲ?”

“ನನಗ ಬಂದ ಸಾವು ಅವಗ ದಾಟಿಸಿದೆ ಅಂತಿದ್ರು, ಮಂದಿ. ಅಂಜಿದೆ.”

ಬೈಯಬೇಕೆಂದುಕೊಂಡಳು. ಕಡೆಗೆ ಒಂದೇ ಕೇಳಿದಳು:

“ತೆರೆದು ನೋಡಿದ್ನೇನು?”

“ಮಂದಿ ಎಲೆ ಕಾಯಾಂವ ನೋಡಬಾರದು, ಅದು ನಮ್ಮ ಕಟ್ಟೆ ರಿವಾಜು. ನಾ ಬಂದಾಗ ಕೊಟ್ಟಂಗ ಬೋರಲೇ ಇದ್ವು.”

ಅಂದು ಹಾಕದ ಬಿಲ್ವಪತ್ರೆ ಹಾಕಲೆಂದು, ಅಕ್ಷತೆ ಬೀಳುವ ಮೊದಲೇ ಇಬ್ಬರೂ ಮಕ್ತಲದ ಬಸ್ಸು ಹತ್ತಿದರು. ಹುಗಿದ ಜಾಗದ ಮೇಲೆ ಅವಳು ಕಲ್ಲು ಸಹ ನೆಡಿಸಿರಲಿಲ್ಲ. ಜಾಲಿ ಬೆಳೆದು, ಮಣ್ಣು ಇಳಿದು, ಯಾವ ದಿಬ್ಬ ಅವನದೆಂದು ತಿಳಿಯಲಿಲ್ಲ.

“ಇಲ್ಲೇ ಎಲ್ಲೋ ಇರಬೇಕು, ಅಕ್ಕಾರ” ಎಂದು ಭೀಮಣ್ಣ ಅಂದಾಜಿಗೆ ಬೊಟ್ಟು ಮಾಡಿದ.

ಅವಳು ಅಲ್ಲೇ ಕೂತಳು.