ಕಾನ್ವೆಂಟಿನ ಹೇನು

ಲಲಿತಮ್ಮ ಆ ಹೇನನ್ನು ಹಳೇ ಕ್ಯಾಲೆಂಡರಿನ ಚೂರಿನಲ್ಲಿ ಮಡಿಸಿಕೊಂಡು ಬಂದಿದ್ದರು. ಆಫೀಸಿನ ಮೇಜಿನ ಮೇಲಿಟ್ಟು, ಪ್ರಸಾದದ ಪೊಟ್ಟಣ ಬಿಚ್ಚುವಷ್ಟು ಜೋಪಾನವಾಗಿ ಬಿಚ್ಚಿ, "ನೋಡಿ ಸಿಸ್ಟರ್, ಇದು ನಮ್ಮ ಮನೇದಲ್ಲ" ಎಂದರು.

ಸಿಸ್ಟರ್ ಸೆವರಿನ್ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಹೇನು ಬದುಕಿತ್ತು. ಯಾರ ಮನೆಯದೆಂದು ಅದರ ಮುಖ ನೋಡಿ ಹೇಳುವುದು ಕಷ್ಟವಿತ್ತು.

"ನಿಮ್ಮ ಮಗ್ಳು ಶ್ರಾವ್ಯನ ತಲೇಲಿ ಸಿಕ್ಕಿದ್ದಾ?"

"ಸಿಕ್ಕಿದ್ದು ತಲೇಲಿ. ಬಂದಿದ್ದು ಶಾಲೆಯಿಂದ. ನಮ್ಮಲ್ಲಿ ಎಷ್ಟು ಮಡಿ ಅಂತ ನಿಮಗೇ ಗೊತ್ತಲ್ಲ. ಇವರು ವಾರಕ್ಕೊಂದು ಸಲ ಶೃಂಗೇರಿಗೆ ಹೋಗಿ ಬರೋರು. ನಾಳೆ ಮಠದಲ್ಲಿ ಪಂಕ್ತೀಲಿ ಕೂತಾಗ ತಲೆ ಕೆರ್ಕೊಂಡ್ರೆ ಎಂತ ಮಾಡೋದು?"

ಇವರು ಎಂದರೆ ಲಲಿತಮ್ಮನ ಗಂಡ, ಪುರೋಹಿತ ದತ್ತಮೂರ್ತಿ ಭಟ್ಟರು. ಅವರ ತಲೆಯಲ್ಲಿ ಹಿಂದುಗಡೆ ಒಂದು ಹಿಡಿ ಜುಟ್ಟು ಬಿಟ್ಟರೆ ಹೇನು ಕಾಲೂರಲು ಜಾಗವೇ ಇರಲಿಲ್ಲ. ಅದನ್ನು ಸಿಸ್ಟರ್ ಬಾಯಿಬಿಟ್ಟು ಹೇಳಲಿಲ್ಲ. ಕೊಪ್ಪದ ದೊಡ್ಡ ಶಾಲೆಯ ಹಳದಿ ಬಸ್ಸು ಈಗ ಭಟ್ಟರ ಗೇಟಿನ ಮುಂದೆಯೇ ನಿಲ್ಲುತ್ತಿತ್ತು. ಆ ಬಸ್ಸು ಓಡಾಡಲು ಶುರುವಾದ ಮೇಲೆ ಸಿಸ್ಟರಿಗೆ ದೇವರ ಮೇಲೆ ಎಷ್ಟು ಭಕ್ತಿಯಿತ್ತೋ ಮಕ್ಕಳ ಅಪ್ಪ ಅಮ್ಮಂದಿರ ಮೇಲೆ ಅಷ್ಟೇ ಭಯವಿತ್ತು.

ಶಾಲೆ ಜಯಪುರದ ಪೇಟೆ ದಾಟಿದ ಮೇಲೆ, ರಸ್ತೆಗೆ ಬೆನ್ನು ಮಾಡಿಕೊಂಡು ನಿಂತಿತ್ತು. ಒಂದರಿಂದ ಐದರವರೆಗೆ ತರಗತಿ, ಹೆಂಚಿನ ಮಾಡು, ಬಾಗಿಲ ಮೇಲೆ ಸಂತ ಬ್ಲೇಸರ ಪಟ. ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿದವರನ್ನು ಕಾಪಾಡುವುದು ಈ ಸಂತರ ಕೆಲಸ. ಭಟ್ಟರ ಮಕ್ಕಳು, ಬಾಳೆಹೊನ್ನೂರು ಕಡೆಯಿಂದ ಬಂದು ಅಂಗಡಿ ಹಾಕಿದ ಲಿಂಗಾಯತರ ಮಕ್ಕಳು, ಹೀಗೆ ಮೀನು ಮುಟ್ಟದವರೇ ಅರ್ಧಕ್ಕರ್ಧ ತುಂಬಿದ್ದ ಶಾಲೆಯಲ್ಲಿ ಅವರಿಗೆ ಅಷ್ಟೇನೂ ಕೆಲಸವಿರಲಿಲ್ಲ. ಉಳಿದರ್ಧ ತೋಟದ ಕೆಲಸದವರ ಮಕ್ಕಳು. ಕ್ರೈಸ್ತರೆಂದರೆ ಬೇಕರಿಯವನ ಇಬ್ಬರು ಮಕ್ಕಳು ಮತ್ತು ಸಿಸ್ಟರ್ ಸೆವರಿನ್.

ಲಲಿತಮ್ಮ ಮನೆ ಮುಟ್ಟುವುದರೊಳಗೆ ಹೇನು ಪೋಷಕರ ವಾಟ್ಸಾಪ್ ಗ್ರೂಪಿಗೆ ಬಂದಿತ್ತು. ಬೆಳಿಗ್ಗೆ ಅವರೇ ಹಾಕಿದ್ದ ಗಣಪತಿಯ ಶುಭೋದಯದ ಕೆಳಗೆ, ಗಣಪತಿಗಿಂತ ದೊಡ್ಡದಾಗಿ. ಹಾರ್ಡ್‌ವೇರ್ ಅಂಗಡಿಯ ಪ್ರಸನ್ನಕುಮಾರ್ ಅದಕ್ಕೆ ಕೈ ಮುಗಿದ ಚಿಹ್ನೆ ಹಾಕಿದ, ಬಹುಶಃ ಗಣಪತಿಗೆ ಇರಬೇಕು. ಆಮೇಲೆ ಅವನ ಹೆಂಡತಿ ಸರ್ವಮಂಗಳಾ ಬರೆದಳು: "ನಮ್ಮ ಕೃತಿಕಾಗೂ ಬಂದಿದೆ. ಇಬ್ಬರ ಮಧ್ಯೆ ಯಾರು ಕೂರುತ್ತಾರೆ ಅಂತ ಎಲ್ಲರಿಗೂ ಗೊತ್ತು."

ಎಲ್ಲರಿಗೂ ಗೊತ್ತಿತ್ತು. ಎರಡನೇ ತರಗತಿಯಲ್ಲಿ ಶ್ರಾವ್ಯ ಮತ್ತು ಕೃತಿಕಾರ ನಡುವೆ ಕೂರುತ್ತಿದ್ದವಳು ಮರ ಹತ್ತಿ ಅಡಿಕೆ ಕೊನೆ ತೆಗೆಯುವ ಚೋಮನ ಮಗಳು ಬಿಂದು. ಮಾರನೇ ದಿನ ಸರ್ವಮಂಗಳಾ ಖುದ್ದಾಗಿ ಬಂದು, ಬಿಂದುವಿನ ಮೇಲೆ ತನಗೆ ಎಂಥ ದ್ವೇಷವೂ ಇಲ್ಲ, ಪಾಪ ಒಳ್ಳೇ ಹುಡುಗಿ, ಆದರೆ ಸ್ವಲ್ಪ ದಿನ ಬೇರೆ ಕೂರಿಸಿ, ಇಲ್ಲದಿದ್ದರೆ ನಾವೂ ಬೇರೆ ಯೋಚನೆ ಮಾಡಬೇಕಾಗತ್ತೆ ಎಂದಳು. ಬೇರೆ ಯೋಚನೆ ಎಂದರೆ ಹಳದಿ ಬಸ್ಸು.

ಸಿಸ್ಟರ್ ತರಗತಿಗೆ ಹೋದರು.

"ಬಿಂದು, ನೀನು ಸ್ವಲ್ಪ ದಿನ ಆ ಕಿಟಕಿ ಹತ್ರದ ಬೆಂಚಲ್ಲಿ ಕೂತ್ಕೊ ಆಯ್ತಾ? ಅಲ್ಲಿ ಗಾಳಿ ಒಳ್ಳೇದುಂಟು."

"ನಾನೊಬ್ಳೇನಾ?"

"ಹ್ಞೂಂ. ನೀನೊಬ್ಳೇ."

ಬಿಂದು ಚೀಲ ಎತ್ತಿಕೊಂಡು ಹೋಗಿ ಕೂತಳು. ಅಳಲಿಲ್ಲ, ಯಾಕೆ ಎಂದು ಕೇಳಲಿಲ್ಲ. ಮಗುವಿಗೆ ಬೇಜಾರಾಗಿಲ್ಲವಲ್ಲ ಎಂದು ಸಿಸ್ಟರ್ ಸಮಾಧಾನ ಮಾಡಿಕೊಂಡರು. ಆ ಸಮಾಧಾನ ಮಧ್ಯಾಹ್ನದ ಊಟದವರೆಗೂ ಬಾಳಲಿಲ್ಲ. ಆಯಾ ಪುಟ್ಟಕ್ಕ ತಟ್ಟೆ ತೊಳೆಯುತ್ತಾ, "ಆ ಮಗೀನ ತಲೆ ನೋಡಿದ್ರಾ ಸಿಸ್ಟರೇ?" ಎಂದು ಕೇಳಿದಳು.

"ಇಲ್ಲ."

"ನೋಡ್ದೇನೇ ಕೂರ್ಸಿದ್ರಾ?"

ಆಗಲೇ ಸಿಸ್ಟರ ಎಡಗಿವಿಯ ಹಿಂದೆ, ಬಿಳಿ ತಲೆವಸ್ತ್ರದ ಒಳಗೆ ಏನೋ ಹರಿದಾಡಿತು. ನಿನ್ನೆಯಿಂದ ಈ ತುರಿಕೆಯನ್ನು ಅವರು ಸೆಕೆ ಎಂದುಕೊಂಡಿದ್ದರು, ಹೊಸ ಸೋಪು ಎಂದುಕೊಂಡಿದ್ದರು. ಈಗ ಪುಟ್ಟಕ್ಕನ ಕೈ ಹಿಡಿದು ಅಕ್ಕಿ ಮೂಟೆ ಇಡುವ ಕೋಣೆಗೆ ಎಳೆದುಕೊಂಡು ಹೋಗಿ, ಬಾಗಿಲು ಹಾಕಿ, ತಲೆವಸ್ತ್ರ ಬಿಚ್ಚಿ ಮೂಟೆಯ ಮೇಲೆ ಕೂತರು.

ಪುಟ್ಟಕ್ಕ ಕೂದಲು ಬೇರೆ ಮಾಡಿ ನೋಡಿದಳು. ಇನ್ನೊಂದು ಕಡೆ ಬೇರೆ ಮಾಡಿ ನೋಡಿದಳು. ಆಮೇಲೆ ನಿಟ್ಟುಸಿರು ಬಿಟ್ಟಳು.

"ಅಯ್ಯಯ್ಯೋ, ಇಲ್ಲಿ ಸಂತೇನೇ ನೆರೆದಿದೆ ಸಿಸ್ಟರೇ."

"ಮೆಲ್ಲಗೆ ಮಾತಾಡು ಮಾರಾಯ್ತಿ!"

"ಬಟ್ಟೆ ಒಳಗೆ ಕತ್ತಲೆ, ಬೆಚ್ಚಗೆ. ಯಾರ ಕಾಟಾನೂ ಇಲ್ಲ. ಇದಕ್ಕಿಂತ ಒಳ್ಳೇ ಜಾಗ ಅವಕ್ಕೆ ಎಲ್ಲಿ ಸಿಗ್ಬೇಕು?"

ಅಳುವ ಒಂದನೇ ಕ್ಲಾಸಿನ ಮಕ್ಕಳನ್ನೆಲ್ಲ ಹೆಗಲಿಗೆ ಹಾಕಿಕೊಂಡು ಸಮಾಧಾನ ಮಾಡುವುದು, ಕಾಪಿ ತಿದ್ದುವಾಗ ಅವರ ತಲೆಗೆ ತಲೆ ತಾಗಿಸುವುದು ಸಿಸ್ಟರ ಅಭ್ಯಾಸ. ಯಾರಿಂದ ಯಾರಿಗೆ ಬಂತೋ, ಯಾರಿಂದ ಯಾರಿಗೆ ಹೋಯಿತೋ, ಸಂತ ಬ್ಲೇಸರೇ ಬಲ್ಲರು.

"ಬಿಂದೂದು ನಾನೇ ನೋಡ್ದೆ," ಎಂದಳು ಪುಟ್ಟಕ್ಕ. "ಅವ್ಳಿಗೂ ಇದೆ, ಇಲ್ಲ ಅನ್ನಲ್ಲ. ನಾಲ್ಕಾರು. ನಿಮ್ಮಷ್ಟಿಲ್ಲ."

ಸಿಸ್ಟರ್ ತಲೆವಸ್ತ್ರ ಎತ್ತಿಕೊಂಡರು. "ಯಾರಿಗೂ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ? ಬಟ್ಟೆ ಹಾಕ್ಕೊಂಡ್ರೆ ಯಾರಿಗೂ ಕಾಣಲ್ಲ," ಎಂದಳು ಪುಟ್ಟಕ್ಕ. ಅವಳ ದನಿಯಲ್ಲಿ ಆಣೆ ಮಾಡಿದಷ್ಟು ಗಟ್ಟಿತನವಿತ್ತು, ಆದರೆ ಅವಳು ಸಿಸ್ಟರ ಮುಖ ನೋಡಲಿಲ್ಲ.

ಶುಕ್ರವಾರ ಮಧ್ಯಾಹ್ನ ಪೋಷಕರ ಸಭೆ ಕರೆದದ್ದು ಸರ್ವಮಂಗಳಾಳ ಒತ್ತಾಯಕ್ಕೆ. ಎರಡನೇ ತರಗತಿಯ ಪುಟ್ಟ ಬೆಂಚುಗಳಲ್ಲಿ ಊರಿನ ದೊಡ್ಡವರೆಲ್ಲ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತರು. ದತ್ತಮೂರ್ತಿ ಭಟ್ಟರು ಪಂಚೆ ಮುದುಡೀತೆಂದು ನಿಂತೇ ಇದ್ದರು. ಪ್ರಸನ್ನಕುಮಾರ್ ಎದ್ದು, ಶಾಲೆಗೆ ಒಂದು ಪಾಲಿಸಿ ಬೇಕು, ಹೈಜೀನ್ ಬಗ್ಗೆ ಒಂದು ಸಿಸ್ಟಮ್ ಬೇಕು ಎಂದು ಮಾತಾಡಿದ. ಮಾತಿನ ನಡುವೆ ಎರಡು ಸಲ ತಲೆ ಕೆರೆದುಕೊಂಡ. ಅವನು ಕೆರೆದುಕೊಂಡದ್ದು ನೋಡಿ ಪಕ್ಕದವರೂ ಕೆರೆದುಕೊಂಡರು. ಸಿಸ್ಟರ್ ಎರಡೂ ಕೈಗಳನ್ನು ಮೇಜಿನ ಮೇಲೆ ಒತ್ತಿ ಹಿಡಿದು ಕೂತಿದ್ದರು. ತಲೆಯೊಳಗೆ ಜಾತ್ರೆ ನಡೆಯುತ್ತಿತ್ತು.

ಅಷ್ಟರಲ್ಲಿ ಚೋಮ ಬಂದ. ತೋಟದಿಂದ ನೇರ ಬಂದವನು, ಮೊಣಕೈಯಲ್ಲಿ ಇನ್ನೂ ಮರದ ಪಾಚಿ ಅಂಟಿತ್ತು. ಹಿಂದೆ ಜಾಗವಿದ್ದರೂ ಮುಂದೆಯೇ ಬಂದು ಕೂತ.

"ನಂದೂ ಒಂದು ಮಾತುಂಟು ಸಿಸ್ಟರ್," ಎಂದ. "ಮೊನ್ನೆ ನನ್ನ ಮಗ್ಳು ಮನೆಗೆ ಬಂದು, ಅಪ್ಪ, ಸಿಸ್ಟರ್ ನನಗೆ ಬೇರೇನೇ ಬೆಂಚು ಕೊಟ್ಟಿದಾರೆ, ನಾನೀಗ ಕ್ಲಾಸ್ ಲೀಡರ್ ಅಂದ್ಲು. ನಂಗೆ ಖುಷಿ ಆಯ್ತು. ತೋಟದಲ್ಲಿ ಎಲ್ರಿಗೂ ಹೇಳ್ದೆ. ಮರದ ಮೇಲಿಂದ ಕೂಗಿ ಹೇಳಿದೀನಿ ಮಾರಾಯ್ರೆ, ಕೆಳಗಿದ್ದೋರಿಗೆಲ್ಲ. ಇವತ್ತು ಯಾರೋ ಗ್ರೂಪಲ್ಲಿ ಬರ್ದಿದ್ದು ತೋರ್ಸಿದ್ರು." ಅವನು ಸರ್ವಮಂಗಳಾಳ ಕಡೆ ತಿರುಗಲಿಲ್ಲ. "ಹೇನಿದ್ರೆ ಇದೆ ಅನ್ನಿ. ತೆಗಿಯೋಣ. ಲೀಡರ್ ಮಾಡಿದ ಹಾಗೆ ಯಾಕೆ ಮಾಡ್ಬೇಕಿತ್ತು?"

ಸರ್ವಮಂಗಳಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಸಿಸ್ಟರಿಗೆ ಗಂಟಲಲ್ಲಿ ನಿಜಕ್ಕೂ ಮುಳ್ಳು ಸಿಕ್ಕಿದ ಹಾಗಾಯಿತು. ನಲವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ, ಸತ್ಯ ಹೇಳಿ ಎಂದು ಬಾಯಿಪಾಠ ಮಾಡಿಸಿದ ತನ್ನ ಬಾಯಲ್ಲಿ 'ಗಾಳಿ ಒಳ್ಳೇದುಂಟು' ಎಂಬ ಮಾತು ಎಷ್ಟು ಸಲೀಸಾಗಿ ಬಂದಿತ್ತು! ಇನ್ನೂ ಸುಮ್ಮನೆ ಕೂರಬಹುದಿತ್ತು. ಪುಟ್ಟಕ್ಕ ಹೇಳುವವಳಲ್ಲ. ಬಟ್ಟೆ ಹಾಕಿಕೊಂಡಿದ್ದರೆ ಯಾರಿಗೂ ಕಾಣುವುದಿಲ್ಲ.

ಅವರು ಎದ್ದು ನಿಂತು ಪಿನ್ನು ಕೀಳತೊಡಗಿದರು. ಒಂದು ಪಿನ್ನು ಮೇಜಿನ ಮೇಲೆ ಬಿತ್ತು, ಇನ್ನೊಂದನ್ನು ಬಾಯಲ್ಲಿ ಕಚ್ಚಿಕೊಂಡರು. ತಲೆವಸ್ತ್ರ ಕೆಳಗಿಳಿದಾಗ ಮುಂದೆ ಕೂತವರೆಲ್ಲ ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಗೋಡೆ ನೋಡಿದರು. ಭಟ್ಟರಂತೂ ಪೂರ್ತಿ ಹಿಂದಕ್ಕೆ ತಿರುಗಿ ನಿಂತರು. ಒಳಗಿದ್ದದ್ದು ನರೆತ, ಕತ್ತಿನವರೆಗೆ ಕತ್ತರಿಸಿದ, ಕೆರೆದು ಕೆರೆದು ಗುಬ್ಬಿಗೂಡಾಗಿದ್ದ ಕೂದಲು.

"ಗೋಡೆಯಲ್ಲಿ ಎಂತದೂ ಇಲ್ಲ, ಇಲ್ಲಿ ನೋಡಿ," ಎಂದರು ಸಿಸ್ಟರ್, ಪಿನ್ನು ಕಚ್ಚಿಕೊಂಡೇ. "ಶಾಲೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಹೇನು ಇರುವುದು ನನ್ನ ತಲೆಯಲ್ಲಿ. ನಿಮ್ಮ ಮಕ್ಕಳಿಗೆ ನಾನೇ ಕೊಟ್ಟದ್ದೋ, ಅವರು ನನಗೆ ಕೊಟ್ಟದ್ದೋ ಗೊತ್ತಿಲ್ಲ. ಬೇರೆ ಕೂರಿಸುವುದಾದರೆ ಮೊದಲು ನನ್ನನ್ನು ಕೂರಿಸಿ. ಚೋಮ, ತಪ್ಪಾಯ್ತು ನನ್ನದು."

ಚೋಮ ಒಂದು ಕ್ಷಣ ಅವರ ತಲೆಯನ್ನೇ ನೋಡಿದ. "ಪರ್ವಾಗಿಲ್ಲ ಬಿಡಿ," ಎಂದ. ಆಮೇಲೆ ತಡೆಯಲಾರದೆ, "ತುಂಬಾನೇ ಇದಾವಲ್ಲ ಸಿಸ್ಟರ್!" ಎಂದ.

ಮೊದಲು ನಕ್ಕವರು ಬೆನ್ನು ತಿರುಗಿಸಿ ನಿಂತಿದ್ದ ಭಟ್ಟರು. ಹೆಗಲು ಕುಣಿಯುವುದು ಕಾಣಿಸಿತು. ಲಲಿತಮ್ಮ, "ಇವರೊಬ್ಬರು, ಎಲ್ಲಿ ನಗ್ಬೇಕು ಅಂತ ಗೊತ್ತಿಲ್ಲ" ಎಂದು ಬೈಯುತ್ತಾ ತಾನೂ ನಕ್ಕುಬಿಟ್ಟರು. ಪಾಲಿಸಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಸಿಸ್ಟರ ಮುಂದೆ ಹೋಗಿ ನಿಂತು, "ಈ ತಲೇಗೆ ಔಷಧಿ ಸಾಕಾಗಲ್ಲ, ಕೂತು ಹೆಕ್ಕಬೇಕು. ನಾಳೆ ಅರ್ಧ ದಿನ ಅಲ್ವಾ ಶಾಲೆ? ಎಲ್ರೂ ಬನ್ನಿ" ಎಂದು ತೀರ್ಪು ಕೊಟ್ಟದ್ದು ಪುಟ್ಟಕ್ಕ.

ಶನಿವಾರ ಬೆಲ್ಲು ಹೊಡೆದ ಮೇಲೆ ತಾಯಂದಿರು ಬಂದರು. ಸೀರಣಿಗೆ, ಎಣ್ಣೆ ಬಾಟಲಿ, ಹಳೇ ಬಿಳಿ ಪಂಚೆ ತಂದಿದ್ದರು. ಮಕ್ಕಳದ್ದೆಲ್ಲ ಮುಗಿಯಿತು. ಆಮೇಲೆ ಪುಟ್ಟಕ್ಕ, "ಈಗ ನಿಮ್ದು" ಎಂದಾಗ ನಮ್ಮದೇನಿಲ್ಲ, ನಮ್ಮದೇನಿಲ್ಲ ಎಂದವರೇ ಎಲ್ಲರೂ. ಲಲಿತಮ್ಮನ ಜಡೆ ಬಿಚ್ಚಿದ್ದೇ ತಡ, ಸೀರಣಿಗೆಯ ಮೊದಲ ಎಳೆತಕ್ಕೇ ಪಂಚೆಯ ಮೇಲೆ ಮೂರು ಬಿದ್ದವು.

"ಇವು ನಿಮ್ಮನೇವೋ, ಶಾಲೇವೋ?" ಎಂದು ಕೇಳಿದಳು ಸರ್ವಮಂಗಳಾ.

"ಸುಮ್ನಿರೇ, ನಿನ್ನ ಗಂಡ ನಿನ್ನೆ ಕೆರ್ಕೊಂಡಿದ್ದು ನಾವೆಲ್ಲ ನೋಡಿಲ್ವಾ?" ಎಂದರು ಲಲಿತಮ್ಮ.

ಶಾಲೆಯ ಮೆಟ್ಟಿಲುಗಳ ಮೇಲೆ ಒಬ್ಬರ ಕೆಳಗೊಬ್ಬರು ಕೂತರು. ಎಲ್ಲಕ್ಕಿಂತ ಮೇಲೆ ಚೋಮನ ಹೆಂಡತಿ. ಅವಳ ಮೊಣಕಾಲ ನಡುವೆ ಸರ್ವಮಂಗಳಾಳ ತಲೆ, ಸರ್ವಮಂಗಳಾಳ ಕೈಯಲ್ಲಿ ಲಲಿತಮ್ಮನ ತಲೆ, ಲಲಿತಮ್ಮನ ಕೈಯಲ್ಲಿ ಸಿಸ್ಟರ ತಲೆ. ಸರ್ವಮಂಗಳಾ ಮೊದಲು ಕತ್ತು ಬಿಗಿ ಹಿಡಿದು ಕೂತಿದ್ದಳು. ಚೋಮನ ಹೆಂಡತಿ ತಲೆಯನ್ನು ಒಂದು ಸಲ ಕೆಳಕ್ಕೆ ಒತ್ತಿ, "ಬಗ್ಗಿ ಅಕ್ಕ, ಹಿಂಗೆ ಸೆಟ್ಕೊಂಡು ಕೂತ್ರೆ ಸೀರು ಕಾಣ್ತವಾ?" ಎಂದ ಮೇಲೆ ಬಗ್ಗಿದಳು. ಸ್ವಲ್ಪ ಹೊತ್ತಾದ ಮೇಲೆ, ಯಾರಿಗೂ ಕೇಳಿಸದ ಹಾಗೆ, "ಗ್ರೂಪಲ್ಲಿ ಹಾಗೆ ಬರೀಬಾರ್ದಿತ್ತು" ಎಂದಳು. "ಹೌದು, ಬರೀಬಾರ್ದಿತ್ತು" ಎಂದು ಒಪ್ಪಿ, ಚೋಮನ ಹೆಂಡತಿ ಉಗುರಿನ ನಡುವೆ ಒಂದು ದೊಡ್ಡ ಹೇನನ್ನು ಚಟ್ ಎನಿಸಿದಳು.

ಸಿಸ್ಟರ್ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಹದಿನೆಂಟಕ್ಕೆ ಕಾನ್ವೆಂಟ್ ಸೇರಿದ ಮೇಲೆ, ಮೊನ್ನೆ ಪುಟ್ಟಕ್ಕ ನೋಡಿದ್ದು ಬಿಟ್ಟರೆ, ಇನ್ನೊಬ್ಬರು ಹೀಗೆ ತಮ್ಮ ತಲೆ ಮುಟ್ಟಿದ ನೆನಪಿರಲಿಲ್ಲ. ಲಲಿತಮ್ಮನ ಬೆರಳು ಒರಟಾಗಿತ್ತು, ಬಾಯಿ ಅದಕ್ಕಿಂತ ಒರಟು. ಆದರೂ ನಿದ್ದೆ ಬರುವ ಹಾಗಾಗುತ್ತಿತ್ತು.

ಸೋಮವಾರ ಅವರು ಎರಡನೇ ತರಗತಿಗೆ ಹೋದಾಗ ಬಿಂದು ಕಿಟಕಿಯ ಬೆಂಚಿನಲ್ಲೇ ಇದ್ದಳು. ಸಿಸ್ಟರ್ ಅವಳ ಪಕ್ಕದಲ್ಲಿ ಕೂತರು. ಬೆಂಚು ಕಿರುಗುಟ್ಟಿತು.

"ಬಿಂದು, ಗಾಳಿ ಅಂತ ನಾನು ಹೇಳಿದ್ದು ಸುಳ್ಳು. ಹೇನಿನ ಭಯಕ್ಕೆ ಕೂರಿಸಿದ್ದು."

"ಗೊತ್ತು. ಕೃತಿಕಾ ಅವತ್ತೇ ಹೇಳಿದ್ಲು."

"ಮತ್ತೆ ಅಪ್ಪನ ಹತ್ರ ಲೀಡರ್ ಅಂತ ಯಾಕೆ ಹೇಳಿದ್ದು?"

ಬಿಂದು ಪೆನ್ಸಿಲಿನ ತುದಿ ಕಚ್ಚಿದಳು. "ಅಪ್ಪಂಗೆ ಸಿಟ್ಟು ಬಂದ್ರೆ ಜೋರಾಗಿ ಬೈತಾರೆ. ನಿಮ್ಗೆ ಬೈದ್ರೆ ಅಂತ."

ಸಿಸ್ಟರ್ ಕಿಟಕಿಯ ಹೊರಗೆ ನೋಡಿದರು. ಅಲ್ಲಿ ಪುಟ್ಟಕ್ಕ ತಟ್ಟೆ ಒಣಗಿಸುತ್ತಿದ್ದಳು. ಆಮೇಲೆ, "ತಪ್ಪು ನನ್ನದು ಮಗಾ. ಬಾ, ನಿನ್ನ ಜಾಗಕ್ಕೆ ಹೋಗುವ" ಎಂದರು.

"ಬರಲ್ಲ. ಈಗ ಇದೇ ನನ್ ಜಾಗ. ಗಾಳಿ ನಿಜವಾಗ್ಲೂ ಬರತ್ತೆ."

ಸಿಸ್ಟರ್ ಒತ್ತಾಯ ಮಾಡಲಿಲ್ಲ. ಹಾಗೆ ಮಾಡುವ ಮುಖ ತನಗಿಲ್ಲ ಎನಿಸಿತು. ಮಧ್ಯಾಹ್ನದೊಳಗೆ ಶ್ರಾವ್ಯ ತನ್ನ ಚೀಲ ತಂದು ಕಿಟಕಿಯ ಬೆಂಚಿಗೆ ನುಗ್ಗಿದಳು. ಮರುದಿನ ಕೃತಿಕಾಳೂ ಬಂದಳು, ಬೇಕರಿಯವನ ಮಗನೂ ಬಂದ. ಬೆಂಚಿನ ತುದಿಯಿಂದ ಒಬ್ಬರು ಬಿದ್ದು ಮೊಣಕಾಲು ತರಚಿಕೊಂಡ ಮೇಲೆ, ಯಾರು ಯಾವತ್ತು ಕೂರಬೇಕೆಂದು ಬಿಂದುವೇ ಹೇಳತೊಡಗಿದಳು. ಎರಡನೇ ತರಗತಿಯ ಟೀಚರ್ ಮೇಘನ ಆಫೀಸಿಗೆ ಬಂದು ದೂರು ಕೊಟ್ಟಾಗ ಸಿಸ್ಟರ್ ಕಿವಿಗೇ ಹಾಕಿಕೊಳ್ಳಲಿಲ್ಲ.

ಆ ವಾರದ ಕೊನೆಗೆ ಲಲಿತಮ್ಮ ಮತ್ತೆ ಬಂದರು. ಈ ಸಲ ಕೈಯಲ್ಲಿ ಪೊಟ್ಟಣವಿರಲಿಲ್ಲ.

"ಎಂತ ಸಿಸ್ಟರ್ ಇದು? ನಮ್ಮ ಕೂಸಿಗೆ ಕಿಟಕಿ ಬೆಂಚು ಸಿಗ್ತಾನೇ ಇಲ್ಲ ಅಂತ ಮನೇಲಿ ಒಂದೇ ಅಳು. ಊಟ ಬಿಟ್ಟು ಕೂತಿದೆ. ನೀವೊಂದು ಮಾತು ಹೇಳ್ಬೇಕು."

"ಅದು ನನ್ನ ಕೈಯಲ್ಲಿಲ್ಲ ಲಲಿತಮ್ಮ. ಬಿಂದು ಹತ್ರ ಮಾತಾಡಿ."

ಲಲಿತಮ್ಮ ತಮಾಷೆ ಇರಬೇಕೆಂದು ಸಿಸ್ಟರ ಮುಖ ನೋಡಿದರು. ತಮಾಷೆಯಾಗಿರಲಿಲ್ಲ. ಗೊಣಗುತ್ತಾ ಹೊರಗೆ ಹೋಗಿ, ಜಗಲಿಯಲ್ಲಿ ನಡೆದು, ಎರಡನೇ ತರಗತಿಯ ಕಿಟಕಿಯ ಸರಳು ಹಿಡಿದು ಒಳಗೆ ಬಗ್ಗಿದರು. ಸಿಸ್ಟರ್ ಆಫೀಸಿನ ಬಾಗಿಲಲ್ಲಿ ನಿಂತು ನೋಡಿದರು. ಮಾತುಕತೆ ಬಹಳ ಹೊತ್ತು ನಡೆಯಿತು. ಲಲಿತಮ್ಮ ಏನೋ ಚೌಕಾಸಿ ಮಾಡಿದರು, ಕೈ ಆಡಿಸಿದರು, ಕೊನೆಗೆ ತಲೆಯಾಡಿಸಿ ವಾಪಸು ಬಂದರು.

"ಎಂತ ಹೇಳಿದ್ಲು?"

"ನಾಳೆ ಕೃತಿಕಾದಂತೆ, ನಾಡಿದ್ದು ನಮ್ಮದಂತೆ. ಕಾಲು ಅಲ್ಲಾಡಿಸ್ಬಾರ್ದಂತೆ," ಎಂದರು ಲಲಿತಮ್ಮ, ಚಪ್ಪಲಿ ಮೆಟ್ಟಿಕೊಳ್ಳುತ್ತಾ. "ಅಬ್ಬ, ಎಂತ ಜೋರು ಮಾರಾಯ್ತಿ ಅದು!"