ಎಕುವಾ ಮೇಡಂ ಭಾಷಣ, ಕೆಮ್ಮಿನ ಸಮೇತ

ಮೂರು ತೆಂಗು ಶಾಲೆಯಲ್ಲಿ ಇದ್ದದ್ದು ಎರಡೇ ತೆಂಗು. ಮೂರನೆಯದು ಕಳೆದ ಮಳೆಗಾಲದ ಗಾಳಿಗೆ ಉರುಳಿ, ಈಗ ಒಂದನೇ ತರಗತಿಯ ಬೆಂಚಾಗಿತ್ತು. ಬೋರ್ಡು ಬದಲಿಸಿ ಎಂದವರಿಗೆಲ್ಲ ಹೆಡ್‌ಮಿಸ್ಟ್ರೆಸ್ ಎಕುವಾ ಮೇಡಂ, "ಮರ ಎಲ್ಲೂ ಹೋಗಿಲ್ಲಪ್ಪ, ಇಷ್ಟು ದಿನ ನಿಂತಿತ್ತು, ಈಗ ಮಲಗಿದೆ ಅಷ್ಟೆ," ಎನ್ನುತ್ತಿದ್ದರು.

ಆ ಬೆಂಚಿನ ಮೇಲೆ ಕೂರಲು ಬರುವ ವರ್ಷಕ್ಕೆ ಮಕ್ಕಳೇ ಸೇರಿರಲಿಲ್ಲ. ಅಕ್ರಾ ರಸ್ತೆಯಲ್ಲಿ ಎರಡಂತಸ್ತಿನ ಹೊಸ ಶಾಲೆ ಎದ್ದಿತ್ತು. ಅದಕ್ಕೆ ಹಳದಿ ಬಸ್ಸು, ನೀಲಿ ಟೈ, ಕಂಪ್ಯೂಟರ್ ಕೋಣೆ. ಪುಟ್ಟ ಶಾಲೆ ಎಂದರೆ ಗಿಡದ ಹಾಗೆ. ಬುಡದ ತರಗತಿ ಒಣಗಿದರೆ ತುದಿ ಎಷ್ಟು ದಿನ ಹಸಿರಾಗಿದ್ದೀತು? ಅದಕ್ಕೇ ಮೇಡಂ ಶನಿವಾರ ಪೋಷಕರನ್ನೆಲ್ಲ ಕರೆದಿದ್ದರು. ಎಲ್ಲರ ಕಣ್ಣೂ ಒಬ್ಬನ ಮೇಲಿತ್ತು: ಊರಿಗೆಲ್ಲ ಐಸಿನ ಮೀನು ಮಾರುವ ಕೋಲ್ಡ್ ಸ್ಟೋರ್ ಎಸಿಲ್ಫಿ. ಅವನ ಅವಳಿ ಗಂಡುಮಕ್ಕಳು ಎಲ್ಲಿ ಸೇರುತ್ತಾರೋ ಉಳಿದವರ ಮಕ್ಕಳೂ ಅಲ್ಲಿಗೇ.

'ಪೋಷಕರು ತಿಳಿದಿರಬೇಕಾದದ್ದು' ಎಂಬ ಭಾಷಣವನ್ನು ಮೇಡಂ ವಾರವಿಡೀ ಆಫೀಸಿನಲ್ಲಿ ಗಟ್ಟಿಯಾಗಿ ಅಭ್ಯಾಸ ಮಾಡಿದ್ದರು. ಆಫೀಸೆಂದರೆ ಪ್ಲೈವುಡ್ ಹಲಗೆಗಳ ನಡುವಿನ ಮೂಲೆ. ಒಂದು ಬದಿಗೆ ಒಂದನೇ ತರಗತಿ, ಇನ್ನೊಂದು ಬದಿಗೆ ಮೂರನೆಯದು.

ಎಲ್ಲ ಸರಿಯಾಗೇ ಇತ್ತು, ಶುಕ್ರವಾರದ ಫುಟ್‌ಬಾಲ್ ಪಂದ್ಯದ ತನಕ. ಹಳದಿ ಬಸ್ಸಿನವರಿಂದ ನಮ್ಮವರು ಒಂಬತ್ತು ಗೋಲು ತಿಂದರು, ಒಂದು ಹೊಡೆದರು. ಆ ಒಂದಕ್ಕೆ ಮೇಡಂ ಕೂಗಿದ ಕೂಗಿಗೆ, ಗೆದ್ದವರೇ ಗಾಬರಿಯಾಗಿ ಇನ್ನೊಮ್ಮೆ ಲೆಕ್ಕ ಕೇಳಿಕೊಂಡರು. ಶನಿವಾರ ಬೆಳಗ್ಗೆ ನೋಡಿದರೆ ಶಾಲೆ ಕಟ್ಟಿದ ಮೇಡಂ ಗಂಟಲೇ ಕಟ್ಟಿತ್ತು. ಶುಂಠಿ ಕಷಾಯ ಇಳಿಯಿತೇ ಹೊರತು ಸ್ವರ ಏಳಲಿಲ್ಲ.

'ನೀನೇ ಮಾತಾಡು' ಎಂದು ಮೇಡಂ ಸ್ಲೇಟಿನಲ್ಲಿ ಬರೆದು ಸಹಶಿಕ್ಷಕ ಫಿಫಿ ಸರ್ ಮೂಗಿಗೆ ಹಿಡಿದರು.

"ಅಯ್ಯೋ ಮೇಡಂ, ದೊಡ್ಡವರ ಮುಂದೆ ನಿಂತ್ರೆ ನನಗೆ ಎರಡರ ಮಗ್ಗಿನೂ ಮರೆತುಹೋಗುತ್ತೆ. ನಮ್ಮ ಮಾನ್ಸಾ ಮಾಡ್ತಾಳೆ ಬಿಡಿ."

'ಮೂರನೇ ಕ್ಲಾಸಿನ ಮಾನ್ಸಾ? ಅವಳಿಗೇನು ಗೊತ್ತು?'

"ಹಲಗೆಗೆ ಒರಗಿಕೊಂಡು ಕೂರೋಳೇ ಅವಳಲ್ವಾ? ಪೂರ್ತಿ ಬಾಯಿಪಾಠ. ಸೋಮವಾರದಿಂದ ಆಟದ ಹೊತ್ತಲ್ಲಿ ಅದೇ ನಾಟಕ ನಡೀತಿದೆ. ನಿಮಗೊಬ್ಬರಿಗೇ ಗೊತ್ತಿಲ್ಲ."

ಮಾನ್ಸಾ ಬಂದವಳೇ ಕೈ ಚಾಚಿದಳು. "ಕನ್ನಡಕ ಕೊಡಿ ಮೇಡಂ. ಅದಿಲ್ದೆ ನಿಮ್ಮ ದನಿ ಬರಲ್ಲ."

ಕೊಟ್ಟದ್ದೇ ತಪ್ಪಾಯಿತು. ಈಗ ಮೇಡಂಗೆ ಬಾಯೂ ಇಲ್ಲ, ಕಣ್ಣೂ ಇಲ್ಲ. ಮುಂದಿನ ಸಾಲಿನಲ್ಲಿ ಎಸಿಲ್ಫಿ ಒಂದು ದೊಡ್ಡ ಮಸುಕಾಗಿ ಕೂತಿದ್ದ. ಅವನ ಅಂಗಿಯ ಚುಂಗು ಹಿಡಿದು ಎರಡು ಚಿಕ್ಕ ಮಸುಕು, ಪಾನ್ಯಿನ್ ಮತ್ತು ಕಾಕ್ರಾ.

ಮಾನ್ಸಾ ಕನ್ನಡಕವನ್ನು ಬೆರಳಿನಿಂದ ಮೇಲೆ ತಳ್ಳಿದಳು. "ಖ್ಖೊಂ. ಆತ್ಮೀಯ ಪೋ...ಷಕರೇ! ನಮ್ಮದು ಪುಟ್ಟ ಶಾಲೆ. ಇಲ್ಲಿ ಪ್ರತಿ ಮಗುವಿನ ಹೆಸರೂ ಪ್ರತಿ ಶಿಕ್ಷಕರಿಗೆ ಗೊತ್ತು."

ಅದೇ ಕೆಮ್ಮು, ಅದೇ ಎಳೆತ. ಜನ ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿದರು. ಮೇಡಂಗೂ ಒಳಗೊಳಗೇ ಖುಷಿ: ಪರವಾಗಿಲ್ಲ, ನಾನು ಚೆನ್ನಾಗೇ ಮಾತಾಡುತ್ತೇನೆ!

"ನಮ್ಮಲ್ಲಿ ಸುಸಜ್ಜಿತ ಗ್ರಂಥಾಲಯವಿದೆ," ಎಂದ ಮಾನ್ಸಾ ಉಸಿರು ಬದಲಿಸದೆ ಮುಂದುವರಿಸಿದಳು, "ಥೂ, ಬೇಡ ಫಿಫಿ. ಸುಸಜ್ಜಿತ ಅಂದ್ರೆ ಹಲ್ಲು ಬಿಡ್ತಾರೆ. ಇರೋದೊಂದು ಕಪಾಟು, ಅದರ ಬಾಗಿಲೂ ಮುಚ್ಚಲ್ಲ. ಪುಸ್ತಕ ಮನೆಗೆ ಒಯ್ದು ಸಾರಿನ ಕಲೆ ಮಾಡ್ಕೊಂಡು ತರ್ತಾವೆ. ತರಲಿ ಬಿಡು, ಓದದ ಪುಸ್ತಕಕ್ಕೆ ಕಲೆ ಎಲ್ಲಿಂದ ಆಗ್ಬೇಕು?"

ಮೇಡಂಗೆ ಈಗ ಗೊತ್ತಾಯಿತು. ಈ ಹುಡುಗಿಗೆ ಭಾಷಣ ಯಾವುದು, ನಡುವೆ ತಾನು ಗೊಣಗಿದ್ದು ಯಾವುದು ಎಂಬ ಭೇದವೇ ಇಲ್ಲ. ಕೇಳಿದ್ದನ್ನೆಲ್ಲ ಕಲಿತಿದ್ದಾಳೆ! ನಿಲ್ಲಿಸು ಎಂದು ಎರಡೂ ಕೈ ಬೀಸಿದರು. ಮಾನ್ಸಾ ಅದನ್ನೂ ನೋಡಿಕೊಂಡು ತಾನೂ ಹಾಗೇ ಎರಡೂ ಕೈ ಬೀಸಿದಳು.

"ಪ್ರತಿ ತರಗತಿಗೂ ಪ್ರತ್ಯೇಕ ಕೋಣೆ... ಎಲ್ಲಿದೆ ಪ್ರತ್ಯೇಕ? ಆ ಕಡೆ ಮೂರನೇ ಕ್ಲಾಸಿಗೆ ಮಗ್ಗಿ ಹೇಳ್ಕೊಟ್ರೆ ಈ ಕಡೆ ಒಂದನೇ ಕ್ಲಾಸಿನೋವು ಒಪ್ಪಿಸ್ತಾವೆ. ಆಮೇಲೆ ಮೂರಕ್ಕೆ ಬಂದಾಗ, 'ಇದು ಹಳೇದು ಮೇಡಂ' ಅಂತ ಮೂಗು ಮುರೀತಾವೆ."

"ನಿಜ ಕಣ್ರೀ!" ಹಿಂದಿನಿಂದ ಜೋಳದ ಹಿಟ್ಟಿನ ಕೆಂಕಿ ಕಡುಬು ಮಾರುವ ಆಂಟಿ ಅಬಾ ಕೂಗಿದಳು. "ನಮ್ಮ ದೊಡ್ಡದು ಒಂದನೇ ಕ್ಲಾಸಲ್ಲೇ ಕೆಂಕಿಗೆ ಎಲೆ ಸುತ್ತುತ್ತಾ ಏಳರ ಮಗ್ಗಿ ಹಾಡುತ್ತೆ! ನಾನು ದೆವ್ವ ಹಿಡಿದಿದೆ ಅಂದ್ಕೊಂಡಿದ್ದೆ."

ನಗು ಅಡಗುವ ಮೊದಲೇ ಮಾನ್ಸಾ ದನಿ ತಗ್ಗಿಸಿದಳು. ಮೇಡಂಗೆ ಮುಂದಿನದು ನೆನಪಾಯಿತು. ಬಾಯಿ ತೆರೆದರು, ಗಾಳಿ ಮಾತ್ರ ಬಂತು.

"ಆ ಎಸಿಲ್ಫಿ ಬಂದ್ರೆ ಮುಂದಿನ ಸಾಲಲ್ಲಿ ಕೂರಿಸು, ಫಿಫಿ. ಅವನ ಮುಖ ನೋಡಿದ್ಯಾ? ಅವನ ಫ್ರೀಜರಿನ ಮೀನೇ ವಾಸಿ, ಅದಾದ್ರೂ ಬಾಯಿ ತೆರೆದಿರುತ್ತೆ."

ಯಾರೂ ನಗಲಿಲ್ಲ.

"ಅವನ ಚಿಕ್ಕ ಮಗ, ಆ ಕಾಕ್ರಾ," ಮಾನ್ಸಾ ಮೇಡಂರ ನಿಟ್ಟುಸಿರನ್ನೂ ಬಿಟ್ಟಳು, "ಮೀನು ತರೋಕೆ ಹೋದಾಗೆಲ್ಲ ನೋಡ್ತೀನಿ, ಬಾಯೇ ಬಿಡಲ್ಲ. ಎಲ್ಲದಕ್ಕೂ ಅಣ್ಣ ಪಾನ್ಯಿನ್‌ದೇ ಉತ್ತರ. ಆ ದೊಡ್ಡ ಶಾಲೆಯಲ್ಲಿ ಅವಳಿ ಅಂತ ಜೊತೇಲಿ ಕೂರಿಸಿಬಿಟ್ರೆ ಇವನ ದನಿ ಯಾರಿಗೂ ಕೇಳಲ್ಲ. ನಮ್ಮಲ್ಲಿಗೆ ಬಂದ್ರೆ ಓದೋ ಹೊತ್ತಲ್ಲಿ ಹಲಗೆ ಈಚೆ ನನ್ನ ಪಕ್ಕ ಕೂರಿಸ್ಕೋತೀನಿ. ಆಚೆಯಿಂದ ಅಣ್ಣನ ದನಿ ಕೇಳ್ತಿರುತ್ತೆ, ಹೆದರಿಕೆ ಆಗಲ್ಲ. ಆದ್ರೆ ಉತ್ತರ ತಾನೇ ಹೇಳ್ಬೇಕು. ಛೆ, ಇದನ್ನೆಲ್ಲ ಭಾಷಣದಲ್ಲಿ ಹೇಳೋಕಾಗುತ್ತಾ? ಖ್ಖೊಂ. ವಂದನೆಗಳು."

ದೊಡ್ಡ ಮಸುಕು ಎದ್ದು ನಿಂತಿತು. ಮೇಡಂ ಕಣ್ಣು ಕಿರಿದು ಮಾಡಿ ನೋಡಿದರೂ ಆ ಮುಖದಲ್ಲಿ ಏನಿದೆಯೋ ತಿಳಿಯಲಿಲ್ಲ.

"ಏ ಹುಡುಗಿ," ಎಸಿಲ್ಫಿಯ ದನಿ. "ಈ ಕೊನೇದು ಭಾಷಣಕ್ಕೆ ಸೇರಿದ್ದಾ, ಆಚೇದಾ?"

"ಗೊತ್ತಿಲ್ಲ, ನಾನಾ," ಹಿರಿಯರನ್ನು ಕರೆಯುವ ಹಾಗೆ ಕರೆದು ಮಾನ್ಸಾ ತನ್ನದೇ ಪುಟ್ಟ ದನಿಯಲ್ಲಿ ಉತ್ತರಿಸಿದಳು. "ಮೇಡಂ ಎರಡನ್ನೂ ಒಂದೇ ಉಸಿರಲ್ಲಿ ಹೇಳ್ತಾರೆ."

ಆಗ ಒಂದು ಸದ್ದು ಶುರುವಾಯಿತು. ಹಳೆಯ ಫ್ರೀಜರಿನ ಮೋಟಾರು ಹಿಡಿಯುವಾಗ ಬರುವಂಥ ಗುರ್‌ಗುರ್ ಸದ್ದು. ಅದು ಎಸಿಲ್ಫಿಯ ನಗು ಎಂದು ತಿಳಿಯಲು ಮೇಡಂಗೆ ಸ್ವಲ್ಪ ಹೊತ್ತೇ ಹಿಡಿಯಿತು; ಊರಿನಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

"ಆ ಶಾಲೆಯೋರು ನನಗೆ ಬಸ್ಸು ತೋರಿಸಿದ್ರು, ಮೇಡಂ," ಎಂದ ಅವನು. "ಹತ್ತಿ ಕೂತು ನೋಡಿ ಅಂದ್ರು. ಕೂತೆ. ಮೆತ್ತಗಿತ್ತು. ಆದ್ರೆ ಇಬ್ಬರಲ್ಲಿ ಮಾತಾಡದೋನು ಯಾವನು ಅಂತ ಒಬ್ಬರೂ ಕೇಳಲಿಲ್ಲ. ಇವರ ಹೆಸರು ಬರ್ಕೊಳ್ಳಿ. ನನ್ನ ಮುಖದ ವಿಷಯ ನಿಮ್ಮ ಗಂಟಲು ಸರಿಯಾದ ಮೇಲೆ ನೋಡ್ಕೊಳ್ಳೋಣ. ಜಗಳ ಅಂದ್ರೆ ಎರಡು ಕಡೆನೂ ದನಿ ಇರಬೇಕು."

"ನಮ್ಮ ಸಣ್ಣದನ್ನೂ ಬರ್ಕೊಳ್ಳಿ!" ಆಂಟಿ ಅಬಾ ಬೆಂಚು ದಾಟಿಕೊಂಡೇ ಬಂದಳು. "ಸಾರಿನ ಕಲೆಗೆ ಆಮೇಲೆ ಬೈಬಾರದು, ಈಗಲೇ ಹೇಳಿರ್ತೀನಿ!" ಅವಳ ಹಿಂದೆ ನೂಕುನುಗ್ಗಲು. ಫಿಫಿ ಸರ್ ಪೆನ್ನು ಹುಡುಕುತ್ತಾ ತಮ್ಮ ಜೇಬು ಬಿಟ್ಟು ಎಲ್ಲರ ಜೇಬನ್ನೂ ಮುಟ್ಟಿ ನೋಡಿದರು.

ಈ ಗದ್ದಲದಲ್ಲಿ ಮಾನ್ಸಾ ಕನ್ನಡಕ ತೆಗೆಯುತ್ತಿದ್ದಂತೆ ಕಾಕ್ರಾ ಅಪ್ಪನ ಅಂಗಿ ಬಿಟ್ಟು ಬಂದು ಕೈ ಚಾಚಿದ. ಅವಳು ಅದನ್ನು ಅವನ ಮೂಗಿಗೇರಿಸಿದಳು. ಅದು ಜಾರಿತು. ಅವನು ಬೆರಳಿನಿಂದ ಮೇಲೆ ತಳ್ಳಿದ.

"ಖ್ಖೊಂ," ಎಂದ.

ಪಾನ್ಯಿನ್ ಅಭ್ಯಾಸಬಲದಿಂದ ಬಾಯಿ ತೆರೆದ. ತಮ್ಮನ ಪರವಾಗಿ ಕೆಮ್ಮುವುದು ಹೇಗೆಂದು ತಿಳಿಯದೆ ಹಾಗೇ ಮುಚ್ಚಿಕೊಂಡ. ಮೇಡಂಗೆ ಅದೇನೂ ಕಾಣಲಿಲ್ಲ. ಆದರೆ ಕೇಳಿಸಿತು. ಕಣ್ಣು ಒರೆಸಿಕೊಂಡರು, ಹೇಗೂ ಕನ್ನಡಕ ಅಡ್ಡವಿರಲಿಲ್ಲ.

ಹೊಸ ತರಗತಿಗಳು ಶುರುವಾಗುವ ಹೊತ್ತಿಗೆ ಮೇಡಂ ದನಿ ಮರಳಿತ್ತು. ತೆಂಗಿನ ಬೆಂಚು ತುಂಬಿ, ಇಬ್ಬರು ನೆಲದ ಮೇಲೆ ಕೂತಿದ್ದರು. ಮೇಡಂ ಕಾಕ್ರಾನನ್ನು ಹಲಗೆಯ ಈಚೆ ಕೂರಿಸಿ, ಫಿಫಿ ಸರ್‌ಗೆ ಗುಟ್ಟೊಂದು ಹೇಳಬೇಕೆಂದು ಈ ಸಲ ಬುದ್ಧಿವಂತಿಕೆಯಿಂದ ಅವರನ್ನು ನಿಂತ ತೆಂಗಿನ ಬುಡಕ್ಕೆ ಕರೆದೊಯ್ದರು.

ಹೇಳಲು ಕನ್ನಡಕ ಮೇಲೆ ತಳ್ಳಿದ್ದೇ ತಡ, ಒಳಗಿನಿಂದ ಎರಡು ಕೆಮ್ಮು ಕೇಳಿದವು. ಒಂದು ಮಾನ್ಸಾಳದು. ಇನ್ನೊಂದಕ್ಕೆ ಇನ್ನೂ ಸ್ವಲ್ಪ ಅಭ್ಯಾಸ ಬೇಕಿತ್ತು.