ಹಳ್ಳದಾಚೆಯ ಕೋವಿ

“ಕೂರ್ತದೆ ಅಂದ ಮಾತ್ರಕ್ಕೆ ಹೊಂದ್ತದೆ ಅಂತಲ್ಲ ಯಜಮಾನ್ರೇ,” ಎಂದ ಸೋಮೇಶ.

ಚಾಮರಾಜನಗರದ ಅವನ ಕೋವಿ ಅಂಗಡಿಯ ಮೇಜಿನ ಮೇಲೆ ಭೀಮನಬೀಡಿನ ಚಿಕ್ಕಮಲ್ಲಪ್ಪನ ಪಂಪ್ ಕೋವಿ ಬಿಚ್ಚಿಕೊಂಡು ಬಿದ್ದಿತ್ತು. ಬಾಯಿಗೆ ಮಣ್ಣು ಹೊಕ್ಕಿದ್ದನ್ನು ನೋಡದೆ ಹಾರಿಸಿದ್ದಕ್ಕೆ ನಳಿಗೆಯ ತುದಿ ಇಲಿ ನುಂಗಿದ ಹಾವಿನಂತೆ ಉಬ್ಬಿಕೊಂಡಿತ್ತು. ಪಕ್ಕದಲ್ಲಿದ್ದ ಇನ್ನೊಂದು ನಳಿಗೆ ನೆರೆಹೊಲದ ಶಿವರುದ್ರಸ್ವಾಮಿಯ ಕೋವಿಯದು. ಅವನು ತೀರಿಕೊಂಡ ಮೇಲೆ ಮನೆಯವರು ಆ ಕೋವಿಯನ್ನು ಮಾರಲೆಂದು ಇದೇ ಅಂಗಡಿಗೆ ತಂದು ಒಪ್ಪಿಸಿದ್ದರು.

“ಎಲ್ಡೂ ಒಂದೇ ಕಂಪ್ನಿ ಕಣಪ್ಪ. ಉಂಗುರ ಕೂತ್ಕತು, ತಿರುಪು ಕೂತ್ಕತು. ಇನ್ನೇನ್ ಜಾತಕ ನೋಡೀಯೆ?”

“ನೋಡ್ಲೇಬೇಕು. ನಿಮ್ದು ಹೊಸ್ದು, ಮೂರಿಂಚಿನ ತೋಟಾ ತಗತದೆ. ಇದು ಹಳೇದು, ಎರಡೂ ಮುಕ್ಕಾಲಿಂದು. ಇಲ್ಲೇ ಕೆತ್ತವ್ರೆ ನೋಡಿ.”

ಚಿಕ್ಕಮಲ್ಲಪ್ಪ ಚೀಲದಿಂದ ತನ್ನದೊಂದು ತೋಟಾ ತೆಗೆದು ಮೇಜಿನ ಮೇಲಿಟ್ಟ. “ಮನೇಲೇ ಅಳ್ದಿವ್ನಿ ಬುಡು. ಮೂರಿಂಚು ಅಂತ ಸುಳ್ಳು ಬರ್ದವ್ರೆ. ಎರಡೂ ಮುಕ್ಕಾಲ್ಕಿಂತ ಗಿಡ್ಡಕ್ಕೇ ಅದೆ.”

ಸೋಮೇಶ ನಗಲಿಲ್ಲ. ಅದೇ ಜಾತಿಯ ಹಾರಿಸಿದ ಖಾಲಿ ತೋಟಾವೊಂದನ್ನು ಹುಡುಕಿ ತಂದು ಪಕ್ಕದಲ್ಲಿ ನಿಲ್ಲಿಸಿದ. ಖಾಲಿಯದೇ ಎತ್ತರ.

“ಬಾಯಿ ಮಡಚಿರ್ತದಲ್ಲ, ಹಾರಿಸ್ದಾಗ ಬಿಚ್ಕತದೆ. ಬಿಚ್ಕೊಂಡ್ ಮೇಲಿನ ಅಳ್ತೆನೇ ಅವ್ರು ಬರ್ಯೋದು. ತೋಟಾ ಕೂರೋ ಗೂಡು ಗಿಡ್ಡ ಆಗಿ ಇದು ಬಿಚ್ಕೊಳಕ್ಕೆ ಜಾಗ ಇಲ್ದೆ ಓದ್ರೆ ಒತ್ತಡವೆಲ್ಲ ಹಿಂದಕ್ಕೆ, ನಿಮ್ ಮೂತಿಗೆ. ನಿಮ್ ಕೋವಿಗೇ ಹೊಸ ನಳಿಗೆ ತರಿಸ್ಕೊಡ್ತೀನಿ. ಇದೇ ಬೇಕು ಅಂತ ಯಾಕ್ ಹಟ?”

ಚಿಕ್ಕಮಲ್ಲಪ್ಪ ಗೋಡೆ ನೋಡಿಕೊಂಡು ಹೇಳಿದ: “ಅದ್ರ ಕೂಗು ಬೇರೆ ಕಣಪ್ಪ.”

ಅವನ ಹೊಲಕ್ಕೂ ಶಿವರುದ್ರಸ್ವಾಮಿಯ ಹೊಲಕ್ಕೂ ನಡುವೆ ಒಂದು ಹಳ್ಳ, ಹಿಂದೆ ಕಾಡು. ಜೋಳ ಹಾಲು ತುಂಬುವ ದಿನಗಳಲ್ಲಿ ಮುಚ್ಚಂಜೆಗೆ ಹಂದಿ ಇಳಿಯುತ್ತವೆ. ಒಬ್ಬ ಮೇಲಕ್ಕೆ ಒಂದು ಹಾರಿಸಿದರೆ ಇನ್ನೊಬ್ಬನೂ ಹಾರಿಸಲೇಬೇಕು. ಇಲ್ಲದಿದ್ದರೆ ಇಲ್ಲಿಂದ ಎದ್ದ ಹಿಂಡು ಹಳ್ಳ ದಾಟಿ ಅಲ್ಲಿ ಮೇಯುತ್ತದೆ. ಹೀಗೆ ಶುರುವಾದದ್ದು, ಬರಬರುತ್ತಾ ಮಾತಿನಂತೆ ಆಗಿಬಿಟ್ಟಿತ್ತು. ಆಚೆಯ ಸದ್ದು ಬಂದರೆ ಚಿಕ್ಕಮಲ್ಲಪ್ಪ ‘ಅಲ್ಲೇ ಅವ್ನೆ’ ಅಂದುಕೊಂಡು ಬೀಡಿ ಹಚ್ಚುತ್ತಿದ್ದ. ಈ ಸಲ ಹಾರಿಸಿದಾಗಲೆಲ್ಲ ಆಚೆ ಏನೂ ಇಲ್ಲ. ಆ ಕೂಗನ್ನು ಇನ್ನೊಂದು ಸಲ ಕೇಳಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಸೋಮೇಶ ಬಹಳ ಹೊತ್ತು ನಳಿಗೆಯ ಒಳಗೆ ಬೆಳಕು ಬಿಟ್ಟು ನೋಡಿದ. “ಗಿಡ್ಡ ತೋಟಾ ಮಾತ್ರ ಹಾಕ್ತೀನಿ ಅಂದ್ರೆ ಜೋಡಿಸ್ತೀನಿ. ಉದ್ದದ್ದೆಲ್ಲ ಇಲ್ಲೇ ಬುಟ್ಟು ಓಗ್ಬೇಕು. ಲೈಸೆನ್ಸ್‌ನಲ್ಲಿ ಬರೆಸೋ ಕೆಲ್ಸ ಮುಗಿಯೋಗಂಟ ಕೋವಿ ನನ್ ತಾವೇ ಇರ್ಲಿ.”

“ತಗ,” ಎಂದು ಚಿಕ್ಕಮಲ್ಲಪ್ಪ ಚೀಲವನ್ನು ಕವುಚಿ ಹಾಕಿದ.

ಕೋವಿ ಕೈಗೆ ಬಂದ ದಿನ ಮನೆಗೂ ಹೋಗದೆ ಹೊಲಕ್ಕೇ ಹೋದ. ಗೋಪಾಲಸ್ವಾಮಿ ಬೆಟ್ಟದ ಮೇಲಿನ ಬಿಸಿಲು ಇಳಿದಿತ್ತು. ನಳಿಗೆಯ ಬಾಯಿಗೆ ಕಣ್ಣಿಟ್ಟು ನೋಡಿ, ಗಿಡ್ಡ ತೋಟಾ ಹಾಕಿ, ಪಂಪ್ ಎಳೆದು ತಳ್ಳಿ, ಆಕಾಶಕ್ಕೆ ಹಾರಿಸಿದ.

ಹೆಗಲು ಜಾಡಿಸಿತು, ಕಿವಿ ಗುಂಯ್ ಎಂದಿತು. ಅವನಿಗೆ ಗೊತ್ತಿದ್ದ ಕೂಗು ಹಳ್ಳ ದಾಟಿ, ಮರದ ಪೆಟ್ಟಿಗೆ ಮುಚ್ಚಿದಂತೆ ಮೆತ್ತಗೆ ಬರುತ್ತಿತ್ತು. ಇದು ಬರೀ ಸದ್ದು. ಇನ್ನೊಂದು ಹಾರಿಸಿದ. ಅದೂ ಹಾಗೇ.

ಜೇಬಿನಲ್ಲಿ ಫೋನು ಕೂಗಿತು. ಹೆಂಡತಿ ಕರಿಬಸಮ್ಮ. ಅವಳಿಗೆ ಕೋವಿ ರಿಪೇರಿಗೆ ಹೋಗಿದೆ ಎಂದಷ್ಟೇ ಗೊತ್ತು.

“ಹೊಲದ್ ತಾವೇ ಇದ್ದೀರಾ? ಶಿವರುದ್ರಣ್ಣನ ಕೋವಿ ಕೂಗ್ತಲ್ಲ. ಅವ್ರ್ ಹೊಲಕ್ ಯಾರ್ ಬಂದವ್ರೆ?”

ಅವನು ಕೋವಿಯನ್ನು ಬದುವಿಗೆ ಒರಗಿಸಿದ. “ನಿಂಗೆ ಕೇಳ್ತಾ?”

“ಕೇಳ್ದೆ? ಎಲ್ಡ್ ಸಲ. ಪಾತ್ರೆ ಬೆಳಗ್ತಿದ್ದೋಳು ಎದ್ದೇಬುಟ್ಟೆ.”

“ಎಂಗಿತ್ತು?”

“ಎಂಗಿದ್ದಾತು. ಯಾವಾಗ್ಲೂ ಇದ್ದಂಗೆ. ಅಷ್ಟ್ ಹತ್ರ ಇದ್ಕಂಡು ನಿಮಗೆ ಕೇಳ್ನಿಲ್ವಾ?”

“ಇಲ್ಲ ಕಣೆ.”

“ಕಿವಿ ಓದ್ವು ನಿಮ್ಗೆ. ಬನ್ನಿ, ಸಾರು ಆರೋಯ್ತದೆ.”

ಫೋನು ಜೇಬಿಗೆ ಹಾಕಿಕೊಂಡು ಅವನು ಅಲ್ಲೇ ನಿಂತ. ಆಚೆ ದಡದ ಲಂಟಾನದಿಂದ ಒಂದು ನವಿಲು ಭಾರವಾಗಿ ಹಾರಿ ಹಳ್ಳ ದಾಟಿ ಬಂತು. ಜೋಳದ ಸಾಲಿಗೆ ಇಳಿದು ತೆನೆ ಕುಕ್ಕತೊಡಗಿತು. ಚಿಕ್ಕಮಲ್ಲಪ್ಪ ಅದನ್ನು ಓಡಿಸಲಿಲ್ಲ.